ಎಚ್ಚರಿಕೆ ಬಂದ್ ಮಾಡುವ ಮೇಡಂ

ಕಂಪ್ಯೂಟರ್ ಕೆಟ್ಟು ಸುಮ್ಮನೆ ಕೂತರೆ ಜನರೂ ಸುಮ್ಮನೆ ಇರುತ್ತಾರೆ. ಅದು ಮಾತಾಡಲು ಶುರು ಮಾಡಿದಾಗ ಮಾತ್ರ ನನಗೆ ಫೋನ್ ಬರುತ್ತದೆ.

ನಾನು ಗಂಗಾವತಿಯಲ್ಲಿ ಹದಿನೆಂಟು ವರ್ಷ ಟೈಪಿಂಗ್ ಕಲಿಸಿದವಳು. ಟೈಪ್‌ರೈಟರ್‌ಗಳು ಗುಜರಿಗೆ ಹೋದ ಮೇಲೆ ಕಂಪ್ಯೂಟರ್ ರಿಪೇರಿ ಕಲಿತೆ. ನನ್ನ ಹಳೇ ವಿದ್ಯಾರ್ಥಿಗಳು ಈಗ ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಆಫೀಸುಗಳಲ್ಲಿ ಕುರ್ಚಿ ಹಿಡಿದು ಕೂತಿದ್ದಾರೆ. ಪರದೆಯ ಮೂಲೆಯಲ್ಲಿ ‘ಅಪಾಯ!’ ಅಂತ ಒಂದು ಚೌಕ ಹಾರಿದರೆ ಸಾಕು, "ಮೇಡಂ, ಲಗೂನ ಬರ್ರಿ!" ಬಸ್ಸು ಹತ್ತಿ ಹೋಗಿ ನೋಡಿದರೆ ಬಹಳ ಸಲ ರೋಗ ಒಂದೇ. ಹೊಸ ಬೈಕಿಗೆ ಕುಚ್ಚು, ಸ್ಟಿಕ್ಕರ್, ಮೂರು ಥರದ ಹಾರ್ನ್ ಹಾಕಿಸಿದ ಹಾಗೆ, ಬ್ರೌಸರಿಗೆ ಸಿಕ್ಕ ಸಿಕ್ಕ ಆಡ್-ಆನ್ ಅಂಟಿಸಿಕೊಂಡಿರುತ್ತಾರೆ. ಬೇಡದ್ದನ್ನು ಕಿತ್ತು, ಬೇಕಾದ್ದರ ಬಾಯಿ ಮುಚ್ಚಿಸಿ ಬರುವುದು ನನ್ನ ಕೆಲಸ. ನಗದೆ ಮನೆಗೆ ವಾಪಸಾದ ದಿನ ಕಡಿಮೆ.

ಇಲ್ಲ ಅನ್ನಲಾರದ ಗುಮಾಸ್ತರು

ಮರಳಿ ಅನ್ನುವ ಊರಿನ ಹತ್ತಿರದ ಒಂದು ಅಕ್ಕಿ ಗಿರಣಿಯಿಂದ ಕರೆ ಬಂತು. ಹೋಗಿ ನೋಡಿದರೆ ಹೊರಗೆ ಭತ್ತದ ಲಾರಿಗಳು ಸಾಲುಗಟ್ಟಿ ನಿಂತಿವೆ. ಒಳಗೆ ಗುಮಾಸ್ತರು ಗೇಟ್‌ಪಾಸ್ ತೆಗೆಯಲಾಗದೆ ಬೆವರುತ್ತಿದ್ದಾರೆ. ಪ್ರಿಂಟ್ ಬಟನ್ ಮೇಲೇ ಒಂದರ ಹಿಂದೊಂದು ಎಚ್ಚರಿಕೆಯ ಚೌಕ ಬಂದು ಕೂರುತ್ತಿತ್ತು. ಒಂದು ವೈರಸ್ ಬಂತು ಅನ್ನುತ್ತದೆ, ಇನ್ನೊಂದು ಲಾಟರಿ ಬಂತು ಅನ್ನುತ್ತದೆ.

ಸೆಟ್ಟಿಂಗ್ ತೆಗೆದು ನೋಡಿದೆ. ನೂರಕ್ಕೂ ಹೆಚ್ಚು ವೆಬ್‌ಸೈಟುಗಳಿಗೆ ಸೂಚನೆ ಕಳಿಸಲು ಇವರೇ ಅನುಮತಿ ಕೊಟ್ಟಿದ್ದರು.

"ಯಾಕ್ರಿ ಎಲ್ಲಾದಕ್ಕೂ ಹೂಂ ಅಂದೀರಿ?"

"ಏನ್ ಮಾಡ್ಲಿ ಮೇಡಂ, ಅದು ‘ನಿಮಗೆ ಸೂಚನೆ ಕಳಿಸಲೇ?’ ಅಂತ ಅಷ್ಟು ಮರ್ಯಾದಿಲೆ ಕೇಳ್ತೈತ್ರಿ. ಕೇಳಿದವ್ರಿಗೆ ಇಲ್ಲ ಅನ್ನೂದು ಹ್ಯಾಂಗ್ರಿ?"

ನಾನು ಒಂದೊಂದಾಗಿ ಎಲ್ಲವನ್ನೂ ತಡೆಹಿಡಿಯುತ್ತ ಹೋದೆ. ಲಾರಿಗಳು ಹೊರಟವು. ಗುಮಾಸ್ತರು ಮಾತ್ರ ಯಾರದೋ ಮನೆಯ ಬಾಗಿಲು ಹಾಕಿಸಿದವರಂತೆ ಮುಖ ಸಣ್ಣದು ಮಾಡಿ ನಿಂತಿದ್ದರು. ಕೊನೆಗೆ ಮೆಲ್ಲಗೆ ಕೇಳಿದರು:

"ಮೇಡಂ, ‘ಬ್ಯಾಸರ ಮಾಡ್ಕೋಬ್ಯಾಡ’ ಅಂತ ಹೇಳೂ ಬಟನ್ ಇಲ್ಲೇನ್ರಿ?"

ಕಿಂಡಿಯಲ್ಲಿ ಪೇಪರ್

ಯಲಬುರ್ಗಾದ ಒಬ್ಬ ಹೆಡ್‌ಮಾಸ್ತರರ ಕಂಪ್ಯೂಟರಿನಲ್ಲಿ ಹನ್ನೊಂದು ಆಡ್-ಆನ್ ಪಟ್ಟಿಗಳು ಮೇಲಿಂದ ಕೆಳಗೆ ಇಳಿದು ಬಂದಿದ್ದವು. ಓದಲು ಉಳಿದದ್ದು ಎರಡು ಬೆರಳಷ್ಟು ಜಾಗ. ಆ ಕಿಂಡಿಯಲ್ಲೇ ಅವರು ಎರಡು ವರ್ಷದಿಂದ ಪೇಪರ್ ಓದುತ್ತಿದ್ದರು. ಎಲ್ಲ ಕಿತ್ತು ಹಾಕಿದೆ. ಪೂರ್ತಿ ಪುಟ ತೆರೆದುಕೊಂಡಿತು. ಮಾಸ್ತರರು ಕನ್ನಡಕ ಸರಿಮಾಡಿಕೊಂಡು, "ಹೆಡ್ಡಿಂಗ್ ಕೆಳಗ ಇಷ್ಟೆಲ್ಲಾ ಬರದಿರ್ತಾರೇನ್ರಿ!" ಅಂದರು. ಸ್ವಲ್ಪ ಹೊತ್ತು ಓದಿ ನನ್ನ ಕಡೆ ತಿರುಗಿ, "ನಾನು ಬರೇ ಹೆಡ್ಡಿಂಗ್ ನೋಡಿ ದಿನಾ ಪ್ರೇಯರ್‌ನ್ಯಾಗ ಭಾಷಣ ಮಾಡ್ತಿದ್ದೆ ಮೇಡಂ. ಒಬ್ಬ ಮಾಸ್ತರಗೂ ಗೊತ್ತಾಗಿಲ್ಲ ನೋಡ್ರಿ."

ಟಿಂಗ್

ಕೊಪ್ಪಳದಲ್ಲಿ ಒಬ್ಬಾಕೆ ಮನೆಯಲ್ಲೇ ಕುಳಿತು ರವಿಕೆಗೆ ಜರಿ ಕಸೂತಿ ಹಾಕಿಕೊಡುತ್ತಾಳೆ. ಡಿಸೈನ್ ಹುಡುಕಲೆಂದು ಏನೇನೋ ಆಡ್-ಆನ್ ಹಾಕಿಕೊಂಡಿದ್ದರಿಂದ ದಿನವಿಡೀ ಟಿಂಗ್ ಟಿಂಗ್ ಅಂತ ಸೂಚನೆಗಳು ಬರುತ್ತಿದ್ದವು. ಅವರ ಮನೆಯ ಬಾಗಿಲ ಗಂಟೆಯದೂ ಅದೇ ಸದ್ದು. ಹಾಗಾಗಿ ಟಿಂಗ್ ಅಂದಾಗಲೆಲ್ಲ ಆಕೆಯ ಅಮ್ಮಿ, ಎಪ್ಪತ್ತು ದಾಟಿದ ಮುದುಕಿ, ಮಂಚದಿಂದ ಎದ್ದು "ಕೋನ್ ಹೈ?" ಅನ್ನುತ್ತ ಬಾಗಿಲಿಗೆ ಹೋಗುತ್ತಿದ್ದಳು. ಯಾರೂ ಇರುತ್ತಿರಲಿಲ್ಲ. ವಾಪಸ್ ಬಂದು ಕೂರುವಷ್ಟರಲ್ಲಿ ಮತ್ತೆ ಟಿಂಗ್.

"ಅಮ್ಮಿ ದಣೀತಾಳ್ರಿ, ಬಂದ್ ಮಾಡಿಕೊಡ್ರಿ" ಅಂದಳು ಮಗಳು. ಮಾಡಿಕೊಟ್ಟೆ. ಮನೆ ತಣ್ಣಗಾಯಿತು.

ಹದಿನೈದು ದಿನಕ್ಕೆ ಆಕೆಯದೇ ಫೋನ್. "ಮೇಡಂ, ಮುಂಜಾನಿ ಎಂಟು ಸಲ, ಸಂಜಿಕ ಎಂಟು ಸಲ ಟಿಂಗ್ ಬರೂಹಂಗ ಇಡಾಕ ಬರ್ತೈತೇನ್ರಿ? ಡಾಕ್ಟರು ಅಮ್ಮಿ ಮೊಣಕಾಲು ನೋಡಿ, ‘ಮೊದಲು ಮಾಡ್ತಿದ್ದ ವಾಕಿಂಗ್ ಯಾಕ ಬಿಟ್ಟಿ?’ ಅಂತ ಬೈದು ಕಳಿಸ್ಯಾರ."

ಬಿಳಿ ಕೂದಲ ವರ

ಇದರಲ್ಲಿ ತಪ್ಪು ನನ್ನದು, ಮೊದಲೇ ಒಪ್ಪಿಕೊಂಡು ಬಿಡುತ್ತೇನೆ.

ಕುಷ್ಟಗಿಯಲ್ಲಿ ದಾಳಿಂಬೆ ತೋಟಗಳಿಗೆ ಹನಿ ನೀರಾವರಿ ಪೈಪು ಮಾರುವ ಒಬ್ಬ ಯಜಮಾನರು. ಕಣ್ಣಿಗೆ ತಂಪು ಅಂತ ಯಾರೋ ಅವರ ಬ್ರೌಸರಿಗೆ ಒಂದು ಆಡ್-ಆನ್ ಹಾಕಿಕೊಟ್ಟಿದ್ದರು. ಬಿಳಿ ಪುಟವೆಲ್ಲ ಕಪ್ಪಾಗಿ, ಕಪ್ಪು ಅಕ್ಷರ ಬಿಳಿಯಾಗಿ ಕಾಣುತ್ತಿತ್ತು. ಅವರಿಗೆ ಅದು ಹಿಡಿಸಿತ್ತು. ಆದರೆ ಪ್ರತಿ ಪುಟ ತೆರೆದಾಗಲೂ ಅದು ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ತೋರಿಸುತ್ತಿತ್ತು. "ಈ ಕಿರಿಕಿರಿ ಅಷ್ಟ ಬಂದ್ ಮಾಡ್ರಿ" ಅಂದರು. ನನಗೆ ಬಸ್ಸಿನ ಅವಸರ. ಎಚ್ಚರಿಕೆಯನ್ನು ಓದದೇ ಬಂದ್ ಮಾಡಿ ಬಂದೆ.

ತಿಂಗಳು ಕಳೆದು ಪ್ರಿಂಟರ್ ಜೋಡಿಸಲು ಹೋದಾಗ ಯಜಮಾನರು ಸಿಡಿಮಿಡಿಗುಟ್ಟುತ್ತಿದ್ದರು. ಶಾಲೆಯಲ್ಲಿ ಟೀಚರಾಗಿರುವ ಮಗಳಿಗೆ ಗಂಡು ನೋಡುತ್ತಿದ್ದರಂತೆ.

"ಎಂಥಾ ಕಾಲ ಬಂತ್ರಿ ಮೇಡಂ! ಇಪ್ಪತ್ತೆಂಟು ವರ್ಷ ಅಂತ ಬರದಾರ. ನೋಡಿದ್ರ ನನಗಿಂತ ದೊಡ್ಡಾಂವ ಕಾಣಸ್ತಾನ. ತಲಿ ಪೂರಾ ಬೆಳ್ಳಗ, ಗುಟಕಾ ತಿಂದು ಹಲ್ಲು ಕರ್ರಗ! ಫೋನ್ ಮಾಡಿ ಸರೀ ಬೈದೀನಿ. ಮೊಮ್ಮಕ್ಕಳದಾವೇನು ಕೇಳ್ರಿ ಅಂದೀನಿ."

ಅಂತ ಬಯೋಡೇಟಾ ತೆಗೆದು ತೋರಿಸಿದರು. ಯಾವುದೋ ಝೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿ ಕಳಿಸಿದ್ದ ಫೋಟೋ. ಆ ದಿನ ಓದದೇ ಬಿಟ್ಟ ಎಚ್ಚರಿಕೆ ಏನಿತ್ತೆಂದು ಈಗ ಹೊಳೆಯಿತು. ಆಡ್-ಆನ್ ಆಫ್ ಮಾಡಿದೆ.

ಪರದೆಯ ಮೇಲೆ ಕಪ್ಪು ಕೂದಲ, ಬಿಳಿ ಹಲ್ಲಿನ ಚೆಂದದ ಹುಡುಗ ನಗುತ್ತಿದ್ದ.

ಯಜಮಾನರು ಕುರ್ಚಿಯಲ್ಲಿ ಕುಸಿದರು. "ಯಪ್ಪಾ! ಇಂಥಾ ಹುಡುಗಗ ಮೊಮ್ಮಕ್ಕಳ ಕೇಳೀನಲ್ರಿ!"

ಚಹಾ ತಂದ ಮಗಳು ಪರದೆ ನೋಡಿ ಮೆತ್ತಗೆ ಅಂದಳು, "ನಾನು ಮೊಬೈಲ್‌ನ್ಯಾಗ ಅವತ್ತ ನೋಡಿದ್ದೆ ಅಪ್ಪಾ. ಛಲೋ ಅದಾನ ಅನ್ನಿಸ್ತು. ನೀವು ಅಷ್ಟು ಬೈಯೂದು ಕೇಳಿ, ಬ್ಯಾರೆ ಏನರ ಇರಬೇಕಂತ ಸುಮ್ನಿದ್ದೆ."

ತಪ್ಪು ನನ್ನದೆಂದು, ಆಡ್-ಆನ್ ಫೋಟೋದಲ್ಲೂ ಕಪ್ಪು ಬಿಳಿ ಅದಲು ಬದಲು ಮಾಡಿತ್ತೆಂದು ನಾನೇ ಆ ಮನೆಗೆ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದೆ. ಹುಡುಗನ ತಂದೆ ಮೊದಲು ಗರಂ ಆದರು, ಆಮೇಲೆ ಬಿದ್ದು ಬಿದ್ದು ನಕ್ಕರು. ಎರಡೂ ಮನೆಯವರು ಕೂತು ಮಾತಾಡಿ ಮದುವೆ ಗೊತ್ತು ಮಾಡಿದರು.

ಮದುವೆಯ ದಿನ ಯಜಮಾನರು ನನ್ನನ್ನು ಮಂಟಪಕ್ಕೆ ಕರೆದೊಯ್ದು, ಇಡೀ ಬೀಗರ ಬಳಗದ ಎದುರು ದೊಡ್ಡ ದನಿಯಲ್ಲಿ ಅಳಿಯನಿಗೆ ಪರಿಚಯ ಮಾಡಿಕೊಟ್ಟರು: "ನೋಡ್ರಿ ಅಳಿಯಂದ್ರ, ನಿಮ್ಮ ತಲಿ ಕೂದಲ ಕರ್ರಗ ಮಾಡಿ, ಹಲ್ಲು ಬೆಳ್ಳಗ ಮಾಡಿದ ಮೇಡಂ ಇವರ!"

ಮದುಮಗನ ಕೈ ಗಕ್ಕನೆ ತಲೆಗೆ ಹೋಯಿತು. ಅಲ್ಲಿದ್ದವರೆಲ್ಲ ಬಾಸಿಂಗ ಬಿಟ್ಟು ಅವನ ಕೂದಲನ್ನೇ ನೋಡತೊಡಗಿದರು. ನಾನು ಕೈಮುಗಿದು, ಅಕ್ಷತೆ ಹಾಕಿ, ಊಟದ ಪಂಕ್ತಿಗೆ ಪಾರಾದೆ.

ಇನ್ನೂ ಎಲೆ ಹಾಕಿರಲಿಲ್ಲ. ಗಂಡಿನ ಕಡೆಯ ಒಬ್ಬ ಹಿರಿಯರು ಮೆಲ್ಲಗೆ ಬಂದು ನನ್ನ ಪಕ್ಕ ಕೂತರು. ಆಚೆ ಈಚೆ ನೋಡಿ, ತಲೆಯ ರುಮಾಲು ಸ್ವಲ್ಪ ಸರಿಸಿ, ಪೂರಾ ಬೆಳ್ಳಗಾದ ಕೂದಲು ತೋರಿಸಿ, ನನ್ನ ಕಿವಿಯ ಹತ್ತಿರ ಕೇಳಿದರು:

"ಮೇಡಂ, ನನಗೂ ಒಂಚೂರು ಮಾಡಿಕೊಡ್ರಿ. ಹಲ್ಲು ಕಟ್ಟಿಸ್ಕೊಂಡೀನಿ, ಕೂದಲ ಅಷ್ಟ ಸಾಕು."