ಮುಶ್ರಿಫ್ ಪಾರ್ಕಿನ ಬನ್ನಿ

2024ರ ಅಕ್ಟೋಬರ್ 12, ಶನಿವಾರ, ವಿಜಯದಶಮಿ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಓಂಕಾರ ದುಬೈಯ ಮುಶ್ರಿಫ್ ಪಾರ್ಕಿನ ಮಂಜಿನೊಳಗೆ ಕಾಲಿಟ್ಟ. ಇದಕ್ಕೆಲ್ಲ ಕಾರಣ ಒಂದು ದಶಮಾಂಶ ಬಿಂದು.

ಓಂಕಾರ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಮಿಸ್ಟ್. ಮ್ಯಾನೇಜರ್ ಅಣ್ಣಾಸಾಹೇಬರು ಓದಿ ಹೇಳಿದ ಅಂಕಿಯಲ್ಲಿ ಬಿಂದು ತಪ್ಪು ಜಾಗದಲ್ಲಿದೆ ಎಂದು ಎರಡು ತಿಂಗಳ ಹಿಂದೆ ಗಿರಾಕಿಗಳ ಎದುರಿಗೇ ತಿದ್ದಿದ್ದ. ಅಂದಿನಿಂದ ಅವರ ಮಾತು ನಿಂತಿತ್ತು. ಅವನ ವೀಸಾ ನವೀಕರಣದ ಕಾಗದ ಸಹಿಯಿಲ್ಲದೆ ಅವರ ಡ್ರಾಯರಿನಲ್ಲಿ ಮಲಗಿತ್ತು. ಗಡುವು ಸೋಮವಾರ. ಇಬ್ಬರೂ ವಿಜಯಪುರದ ಕಡೆಯವರು. ದಸರೆಯ ದಿನ ಬನ್ನಿ ಕೊಟ್ಟು ಕಾಲಿಗೆರಗಿದರೆ ಎಂಥ ಮುನಿಸೂ ಇಳಿಯಬೇಕೆಂಬುದು ಅಲ್ಲಿಯ ಪದ್ಧತಿ. ದುಬೈಯಲ್ಲಿ ಬನ್ನಿ ಎಲ್ಲಿಂದ ತರುವುದು? ಓಂಕಾರ ಸಸ್ಯಶಾಸ್ತ್ರದ ಪುಸ್ತಕ ತೆರೆದ. ಇಲ್ಲಿಯವರ ಗಾಫ್ ಮರವೇ ನಮ್ಮ ಬನ್ನಿ ಎಂದು ಅಲ್ಲಿ ಸಿಕ್ಕಿತು.

ಓಂಕಾರ ಇದ್ದದ್ದು ಕರಾಮ ಬಡಾವಣೆಯಲ್ಲಿ; ಪಕ್ಕದ ಫ್ಲಾಟಿನ, ಕರಾವಳಿಯ ಶುಕೂರ್ ಕೇಳದೆಯೇ ಸಲಹೆ ಕೊಡುವ ಮನುಷ್ಯ. ಎಲೆ ಕಿತ್ತರೆ ದಂಡ ಬಿದ್ದೀತು, ಉದುರಿದ್ದನ್ನಷ್ಟೇ ಆರಿಸಿಕೊಳ್ಳಿ ಎಂದ. ಲಿಫ್ಟಿನ ಬಾಗಿಲಿಗೆ ಕೈ ಅಡ್ಡವಿಟ್ಟು ದನಿ ತಗ್ಗಿಸಿದ.

"ಮತ್ತೊಂದು ಉಂಟು ಮಾರಾಯ್ರೆ. ಹಳೇ ಗಾಫ್ ಮರದಲ್ಲಿ ಜಿನ್ ಇರ್ತದಂತೆ, ನಮ್ಮೂರಿನ ಭೂತದ ಹಾಗೆ. ಹೆಸರು ಹಿಡಿದು ಕರೆದ್ರೆ ಓ ಅನ್ಬೇಡಿ. ತಿರುಗಿಯೂ ನೋಡ್ಬೇಡಿ."

ವಿಜ್ಞಾನ ಓದಿದ ಓಂಕಾರ ಆಗ ನಕ್ಕಿದ್ದ. ಈಗ ನಗು ಬರಲಿಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮಂಜು ಮುಖಕ್ಕೆ ಹೊಡೆಯುತ್ತಿತ್ತು. ನೋಡುಗರಿಗೆಂದು ಪಾರ್ಕಿನಲ್ಲಿ ಕಟ್ಟಿದ್ದ ದೇಶದೇಶದ ಮನೆಗಳ ಗಿಡ್ಡ ಮಾದರಿಗಳು ಬಾಗಿಲು ಮುಚ್ಚಿಕೊಂಡು ನಿಂತಿದ್ದವು. ಗಾಳಿಯಿಲ್ಲ, ಆದರೂ ಎಲ್ಲೋ ಒಂದು ಜೋಕಾಲಿ ಕಿರುಗುಟ್ಟುತ್ತಿತ್ತು.

ಧೈರ್ಯಕ್ಕೆಂದು, ಇದೇ ಪಾರ್ಕಿನಲ್ಲಿ ನಡೆಯಲಿದ್ದ ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ಮಾಡಬೇಕಿದ್ದ ಭಾಷಣವನ್ನು ಫೋನಿಗೆ ರೆಕಾರ್ಡ್ ಮಾಡುತ್ತ ನಡೆದ. ಈ ಕಾಡು ಯಾರೂ ನೆಟ್ಟದ್ದಲ್ಲ, ಬೇಲಿ ಬರುವ ಮೊದಲೇ ಮರಗಳಿದ್ದವು. ಈಜುಕೊಳ, ಸೈಕಲ್ ದಾರಿ, ಮಕ್ಕಳ ಆಟದ ಜಾಗ ಎಲ್ಲ ಆಮೇಲೆ ಬಂದವು. ಇಷ್ಟು ಹೇಳಿ, ರೆಕಾರ್ಡಿಂಗ್ ನಿಲ್ಲಿಸದೆಯೇ, ಒಂದು ಮುದಿ ಗಾಫ್ ಮರದ ಕೆಳಗೆ ಬಗ್ಗಿ ಎಲೆ ಆರಿಸತೊಡಗಿದ.

"ಓಂಕಾರಾ..."

ಬೆನ್ನ ಹಿಂದೆ, ದೂರದಿಂದ. ಅವನ ಕೈ ನಿಂತಿತು.

"ಓಂಕಾರಾ..."

ಓ ಎನ್ನಲಿದ್ದ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡ. ಮೂರನೆಯ ಸಲ ಕರೆದದ್ದು ಕಿವಿಯ ಪಕ್ಕದಲ್ಲೇ. ಎಲೆಗಳನ್ನು ಮುಷ್ಟಿಯಲ್ಲಿ ಹಿಡಿದು, ಒಂದು ಚಪ್ಪಲಿಯನ್ನು ಜಿನ್ನಿಗೇ ಬಿಟ್ಟು, ಗೇಟಿನವರೆಗೆ ಓಡಿದ.

ಸಂಜೆ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಲ್ಲಿದ್ದ ಅಣ್ಣಾಸಾಹೇಬರ ಫ್ಲಾಟಿಗೆ ಹೋದಾಗ ಅವರ ಕಾಲು ಬ್ಯಾಂಡೇಜು ಸುತ್ತಿಕೊಂಡು ಸ್ಟೂಲಿನ ಮೇಲಿತ್ತು. ಪಕ್ಕದ ತಟ್ಟೆಯಲ್ಲಿ ಬನ್ನಿ ಎಲೆ. ಓಂಕಾರ ತನ್ನ ಎಲೆ ಕೊಟ್ಟು ಇನ್ನೊಂದು ಕಾಲಿಗೆರಗಿದ. ಅವರ ಮುಖ ಸಡಿಲವಾಯಿತು. ಹೆಂಡತಿ ಚನ್ನಬಸವ್ವ ತಂದ ಹೋಳಿಗೆಯನ್ನು ಅವನ ಕಡೆ ಸರಿಸಿದರು.

"ಬನ್ನಿಗಂತ ನಾನೂ ಮುಂಜಾನೆ ಆ ಪಾರ್ಕಿಗೇ ಬಂದಿದ್ದೆ. ತಗ್ಗಿನ್ಯಾಗ ಬಿದ್ದು ಕಾಲು ಉಳುಕ್ತು. ಮಂಜಿನ್ಯಾಗ ನಿಮ್ಮ ಹಳದಿ ಟೊಪಿಗಿ ಕಂಡು ಎರಡು ಸಲ ಕರದೆ. ಕೇಳಿಸಿರ್ಲಿಕ್ಕಿಲ್ಲ, ಬಿಡ್ರಿ."

ಅಲ್ಲಿಗೆ ಮುಗಿದಿತ್ತು. ಆದರೆ ತಪ್ಪು ಅಂಕಿ ಕಿವಿಗೆ ಬಿದ್ದರೆ ಓಂಕಾರನ ನಾಲಿಗೆ ಸುಮ್ಮನಿರುವುದಲ್ಲ.

"ಎರಡಲ್ಲ ಸರ್, ಮೂರು ಸಲ."

ಹೋಳಿಗೆಯ ತಟ್ಟೆ ಹಿಂದಕ್ಕೆ ಸರಿಯಿತು.

"ಅಂದ್ರ ಕೇಳಿಸಿತ್ತು. ಕೇಳಿಸಿ ಓಡಿದ್ರಿ."

ಓಂಕಾರ ಮೂರು ಎಂಬುದಕ್ಕೆ ಸಾಕ್ಷಿಯಾಗಿ ಫೋನ್ ತೆಗೆದು ಬೆಳಗಿನ ರೆಕಾರ್ಡಿಂಗ್ ಕೇಳಿಸಿದ. ಮೊದಲ ಕರೆಗೂ ಎರಡನೆಯದಕ್ಕೂ ಅಣ್ಣಾಸಾಹೇಬರು ತಲೆಯಾಡಿಸಿದರು. ಮೂರನೆಯದಕ್ಕೆ ಆಡಿಸಲಿಲ್ಲ.

"ಇದು ನನ್ನ ದನಿ ಅಲ್ಲ," ಎಂದರು ಮೆಲ್ಲಗೆ. "ನೀವಿನ್ನ ಹೊರಡ್ರಿ. ಡ್ರಾಯರಿನ ಮಾತು ಮುಂದ ನೋಡೋಣು."

ಕೆಳಗೆ ಬಸ್ ಸ್ಟಾಪಿನಲ್ಲಿ ಕೂತು ಓಂಕಾರ ರೆಕಾರ್ಡಿಂಗಿನ ಸದ್ದನ್ನು ಅಳೆದ. ಫೋನಿಗೆ ಬಾಯಿ ಹತ್ತಿರವಿಟ್ಟು ಮಾಡಿದ್ದ ತನ್ನ ಭಾಷಣ 70 ಡೆಸಿಬೆಲ್. ಮೊದಲ ಕರೆ 34. ಎರಡನೆಯದು 33. ಮೂರನೆಯದು 71.