ಕಿಟಕಿ ಏರಿಸಿದ ಮೇಲೆ

ಸ್ಯಾನ್ ಡಿಯಾಗೋ ಕಡೆಯ ಕನ್ನಡದವರು ಯಾರೂ ಈಗ ನಮ್ಮ ಅತ್ತಿಗೆಯ ಜೊತೆ ಕಾರು ಹತ್ತಲು ಒಪ್ಪುವುದಿಲ್ಲ. "ಬರ್ರಿ, ನಿಮ್ಮನ್ನ ಮನೀತನಕ ಬಿಡ್ತೀನಿ" ಅಂತ ಅತ್ತಿಗೆ ಬಾಯ್ತುಂಬ ಕರೆದರೆ ಸಾಕು, ಮಂಡಿನೋವಿನ ಅಂಕಲ್ ಕೂಡ "ಬೇಡಮ್ಮ, ಡಾಕ್ಟರು ದಿನಾ ನಡೀರಿ ಅಂದಿದ್ದಾರೆ" ಅಂತ ಬಿಸಿಲಲ್ಲಿ ಹೆಜ್ಜೆ ಹಾಕುತ್ತಾರೆ. ಅತ್ತಿಗೆಯ ಡ್ರೈವಿಂಗ್ ಕೆಟ್ಟದ್ದು ಅಂದುಕೊಂಡಿರಾ? ಛೆ! ಅವರಷ್ಟು ನಿಧಾನವಾಗಿ, ನಿಯಮ ಪಾಲಿಸಿ ಓಡಿಸುವವರು ಇಡೀ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಬ್ಬರಿಲ್ಲ. ಅವರ ಹಿಂದೆ ಸಿಕ್ಕಿಕೊಂಡವರನ್ನು ಕೇಳಿ, ಹೇಳುತ್ತಾರೆ. ಜನಕ್ಕೆ ಭಯ ಡ್ರೈವಿಂಗಿನದ್ದಲ್ಲ. ಅತ್ತಿಗೆ ಪಕ್ಕದಲ್ಲಿದ್ದು, ಕಾರಿನ ಕಿಟಕಿ ಏರಿತೋ, ಬಾಯಿಂದ ಸತ್ಯ ಬಂದುಬಿಡುತ್ತದೆ!

ಅಪಘಾತದ ವಿಷಯವೂ ಒಂದಿದೆ. ಅದಕ್ಕೂ ಬರುತ್ತೇನೆ. ನನಗೇನೂ ಬರಬೇಕೆಂದಿಲ್ಲ, ಆದರೆ ಅದು ನನ್ನನ್ನು ಬಿಡಬೇಕಲ್ಲ.

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ಧಾರವಾಡದವರು. ರಾಂಚೊ ಬರ್ನಾರ್ಡೊದಲ್ಲಿ ಮನೆ, ಇಬ್ಬರು ಮಕ್ಕಳು, ಒಬ್ಬ ಇಂಜಿನಿಯರ್ ಗಂಡ. ನಾನಿರುವುದು ಅಲ್ಲಿಂದ ಎರಡು ಗಂಟೆ ದಾರಿಯ ಟೊರೆನ್ಸ್‌ನಲ್ಲಿ. ೨೦೨೦ರ ಶುರುವಿನಲ್ಲಿ ಅತ್ತಿಗೆ ಬಿಸಿನೆಸ್ ಸ್ಕೂಲು ಸೇರಿದರು. ಕೆಲವೇ ವಾರಕ್ಕೆ ಊರೆಲ್ಲ ಬಾಗಿಲು ಹಾಕಿತು. ಊಟದ ಟೇಬಲ್ಲಿನ ಒಂದು ತುದಿಯಲ್ಲಿ ಅಣ್ಣನ ಮೀಟಿಂಗು, ಇನ್ನೊಂದು ತುದಿಯಲ್ಲಿ ಮಕ್ಕಳ ಸ್ಕೂಲು. ಅತ್ತಿಗೆಗೆ ಉಳಿದದ್ದು ಅಡುಗೆಮನೆಯ ಉಗ್ರಾಣ. ಅಲ್ಲಿ ಸ್ಟೂಲ್ ಹಾಕಿಕೊಂಡು ಕ್ಲಾಸಿಗೆ ಕೂತರೆ ಪ್ರೊಫೆಸರು, "ನಿಮ್ಮ ಹಿಂದಿರೋ ಚಿತ್ರ ತುಂಬ ಚೆನ್ನಾಗಿದೆ, ಎಲ್ಲಿ ಸಿಕ್ಕಿತು?" ಅಂತ ಕೇಳಿದರಂತೆ. ಅದು ಚಿತ್ರವಲ್ಲ, ಸೋನಾ ಮಸೂರಿ ಮೂಟೆ! ಆರು ತಿಂಗಳು ಅಕ್ಕಿ ಬೇಳೆಗಳ ನಡುವೆ ಕಲಿತು, ಕೊನೆಗೆ ಮಕ್ಕಳಿಗಾಗಿ ಓದು ನಿಲ್ಲಿಸಿದರು.

ಮತ್ತೆ ಶುರುಮಾಡುವಾಗ ಅವರಿಗೆ ಐವತ್ತೊಂದು. ಎಲ್ಲ ಪರೀಕ್ಷೆಗಳನ್ನೂ ಪಾಸು ಮಾಡಿದ ಮೇಲೆ ಉಳಿದದ್ದು ಸಂಶೋಧನಾ ಪ್ರಾಜೆಕ್ಟ್ ಒಂದೇ. ಸ್ಕೂಲಿನಿಂದ ಪತ್ರ ಬಂತು: ಈ ಮೇ ತಿಂಗಳೊಳಗೆ ಪ್ರಾಜೆಕ್ಟ್ ಒಪ್ಪಿಸದಿದ್ದರೆ ಹಳೆಯ ಕೋರ್ಸುಗಳೆಲ್ಲ ಲೆಕ್ಕಕ್ಕಿಲ್ಲ, ಮೊದಲಿಂದ ಓದಬೇಕು. ಅಣ್ಣ ಪತ್ರ ಓದಿ, "ಹೋಗ್ಲಿ ಬಿಡು, ಈ ವಯಸ್ಸಲ್ಲಿ ಡಿಗ್ರಿ ತಗೊಂಡು ಏನ್ಮಾಡ್ತೀಯ?" ಅಂದ. ಪಾಪ, ಸಮಾಧಾನಕ್ಕೆ ಅಂದದ್ದು.

"ಗ್ವಾಡಿಗೆ ತೂಗಹಾಕ್ತೀನಿ. ದಿನಾ ನೀವ ಅದರ ಧೂಳಾ ಒರಸ್ರಿ" ಅಂದರು ಅತ್ತಿಗೆ.

ಪ್ರಾಜೆಕ್ಟಿನ ವಿಷಯ ಕೇಳಿ. ಇಲ್ಲಿ ಮನೆಯಲ್ಲೇ ಅಡುಗೆ ಮಾಡಿ ವಾರಕ್ಕೆರಡು ಸಲ ಊಟ ಕಳಿಸುವ ನಮ್ಮ ಹೆಂಗಸರಿದ್ದಾರಲ್ಲ, ಅವರ ಗ್ರಾಹಕರು ಊಟ ಹಿಡಿಸದಿದ್ದರೆ ಒಂದು ದೂರೂ ಹೇಳದೆ ಮೆಲ್ಲಗೆ ಮಾಯವಾಗುತ್ತಾರೆ. ಯಾಕೆ? ಇದೇ ಪ್ರಶ್ನೆ. ಅತ್ತಿಗೆ ಚೆಂದದ ಪ್ರಶ್ನಾವಳಿ ಮಾಡಿ, ಒಂದರಿಂದ ಐದರವರೆಗೆ ಅಂಕ ಕೊಡಿ ಅಂತ ಪರಿಚಯದ ಮನೆಗಳಿಗೆಲ್ಲ ಹಂಚಿದರು.

ಎಲ್ಲ ವಾಪಸ್ ಬಂದವು. ಎಲ್ಲದರಲ್ಲೂ ಐದಕ್ಕೆ ಐದು! ರುಚಿ ಐದು, ಶುಚಿ ಐದು, ಹೊತ್ತಿಗೆ ಸರಿಯಾಗಿ ಬರುವುದು ಐದು. ಒಬ್ಬರು ತಾವೇ ಆರನೆಯ ಚೌಕ ಬರೆದು ಅದಕ್ಕೆ ಟಿಕ್ ಹಾಕಿದ್ದರು. ಒಬ್ಬ ಆಂಟಿ ಫಾರ್ಮಿನ ಜೊತೆ ಒಂದು ಡಬ್ಬಿ ಚಕ್ಕುಲಿಯನ್ನೂ ಕಳಿಸಿ ಫೋನ್ ಮಾಡಿದರು: "ನಿಮ್ಮ ಡಿಗ್ರಿಗೆ ಯಾವ ಉತ್ತರ ಬೇಕು ಅಂತ ಮೊದಲೇ ಹೇಳ್ಬಾರ್ದಾ? ಅದನ್ನೇ ತುಂಬ್ತಿದ್ವಿ!" ಊಟ ತರಿಸುವುದನ್ನು ನಿಲ್ಲಿಸಿ ವರ್ಷವಾದವರೂ ಐದು ಕೊಟ್ಟಿದ್ದರು. ಪ್ರೊಫೆಸರು ಆ ಗ್ರಾಫನ್ನು ತಿರುಗಿಸಿ ತಿರುಗಿಸಿ ನೋಡಿದರಂತೆ. ಏರಿಕೆಯಿಲ್ಲ, ಇಳಿಕೆಯಿಲ್ಲ, ತೀರಿಕೊಂಡವರ ಇಸಿಜಿ ಥರ ಒಂದೇ ಗೆರೆ. "ಇದು ನಡೆಯಲ್ಲ, ವಿಷಯ ಬದಲಾಯಿಸಿ" ಅಂದರು.

ಅತ್ತಿಗೆ ಬದಲಾಯಿಸುವವರೇ?

ಆ ವಾರವೇ ಡೆಲ್ ಮಾರ್‌ನಲ್ಲಿ ಸ್ನೇಹಿತರ ಮನೆಯಲ್ಲಿ ಮಧ್ಯಾಹ್ನದ ಊಟ. ನಾನೂ ಇದ್ದೆ. ಹೊರಡುವಾಗ ಅತ್ತಿಗೆ ಆ ಮನೆಯಾಕೆಯ ಕೈ ಹಿಡಿದು, "ಎಂಥಾ ಛಲೋ ಪಲ್ಯಾ ಮಾಡಿದ್ರಿ, ನನಗೂ ಹೇಳಿಕೊಡ್ರಿ" ಅಂದರು. ಕಾರು ಹತ್ತಿದೆವು. ಕೈ ಬೀಸಿದೆವು. ಕಿಟಕಿ ಏರಿತು. ಕಾರು ತಿರುವು ದಾಟಿತೋ ಇಲ್ಲವೋ, "ಅದೇನ್ ಪಲ್ಯಾನೋ, ನೀರಾಗ ಕುದಿಸಿದ ಹಗ್ಗಾನೋ!" ಅಂದರು. ಅಂದವರು ಹಾಗೇ ಬಾಯಿ ತೆರೆದು ಕೂತರು. "ಕಾರ್ ನಿಂದರಸ್ರಿ!"

ಅಣ್ಣ ಗಾಬರಿಯಾಗಿ ಬ್ರೇಕ್ ಹಾಕಿದ. "ಪರ್ಸ್ ಮರೆತ್ಯಾ?"

"ಪರ್ಸ್ ಅಲ್ರಿ, ಪ್ರಾಜೆಕ್ಟ್ ಸಿಕ್ತು! ನಮ್ಮ ಮಂದಿ ಖರೇ ಮಾತಾಡೋದು ಎಲ್ಲಿ? ಮನ್ಯಾಗಲ್ಲ, ಫೋನಿನ್ಯಾಗಲ್ಲ. ಕಾರಿನ ಕಿಟಕಿ ಏರಿಸಿದ ಮ್ಯಾಲೆ!"

ನೀವೇ ಹೇಳಿ, ಸುಳ್ಳೇ? ಯಾರ ಮನೆಯ ಊಟ ಮುಗಿಸಿ ಬಂದರೂ ನಮ್ಮ ನಿಜವಾದ ಅಭಿಪ್ರಾಯ ಹುಟ್ಟುವುದು ಸೀಟ್ ಬೆಲ್ಟ್ ಹಾಕಿದ ನಂತರವೇ ಅಲ್ಲವೇ?

ಹೊಸ ಯೋಜನೆ ಸಿದ್ಧವಾಯಿತು. ಹನ್ನೆರಡು ಸಂದರ್ಶನ, ಎಲ್ಲವೂ ಓಡುವ ಕಾರಿನಲ್ಲಿ. ಪ್ರೊಫೆಸರು ಅರ್ಧ ನಕ್ಕು, ಅರ್ಧ ಹೆದರಿ ಒಪ್ಪಿದರು. ಸ್ಕೂಲಿನ ಸಮಿತಿಯವರು ಮಾತ್ರ ಎರಡು ಷರತ್ತು ಹಾಕಿದರು: ಎಲ್ಲರಿಂದಲೂ ಒಪ್ಪಿಗೆ ಪತ್ರ ಬರೆಸಿಕೊಳ್ಳಬೇಕು, ಪ್ರಶ್ನೆ ಕೇಳುವವರು ಡ್ರೈವ್ ಮಾಡಬಾರದು. ಎರಡನೆಯದನ್ನು ಓದಿದ ಅತ್ತಿಗೆ ನನಗೆ ಫೋನ್ ಮಾಡಿದರು. "ತಂಗೀ, ಶನಿವಾರ ನಿನಗೇನ್ ಕೆಲಸಾ?"

ಕೆಲಸವಿದೆ ಅಂದೆ. "ಖರೇ ಹೇಳು" ಅಂದರು. ಇಲ್ಲ ಅಂದೆ. ಹೀಗೆ ನಾನು ಸಂಶೋಧನೆಯ ಸಾರಥಿಯಾದೆ.

ಎಂಥೆಂಥ ಶನಿವಾರಗಳು! ಒಬ್ಬ ಅಂಕಲ್ ಹದಿನೈದು ನಿಮಿಷ "ಎಲ್ಲಾ ಚೆನ್ನಾಗಿರುತ್ತಮ್ಮ" ಅಂತಲೇ ಇದ್ದರು. ಊರಿನ ಗಡಿ ದಾಟಿದ ಬೋರ್ಡು ಕಂಡಿತು ನೋಡಿ, ಅಲ್ಲಿಂದ ಮುಂದೆ ಬರೀ ಚಟ್ನಿಯೊಂದರ ಮೇಲೇ ನಲವತ್ತು ನಿಮಿಷ ಮಾತಾಡಿದರು. ಇನ್ನೊಂದು ದಂಪತಿ ಸಾರಿನಿಂದ ಶುರುಮಾಡಿ, ಅತ್ತೆಯ ಸಾರಿಗೆ ಹೋಗಿ, ಅಲ್ಲಿಂದ ಅತ್ತೆಗೇ ಹೋಗಿ, ಕೊನೆಗೆ ಮುಖ ತಿರುಗಿಸಿ ಕೂತು ಬೇರೆ ಬೇರೆ ಜಾಗದಲ್ಲಿ ಇಳಿದರು. ಸುದ್ದಿ ಹೇಗೋ ಅಡುಗೆಯವರಿಗೆ ಮುಟ್ಟಿ, ಒಬ್ಬಾಕೆ ಅತ್ತಿಗೆಯನ್ನು ಅಂಗಡಿಯಲ್ಲಿ ಅಡ್ಡಹಾಕಿದರು. "ನನ್ನ ಚಟ್ನಿ ಬಗ್ಗೆ ಅಂದೋರ ಹೆಸರು ಹೇಳ್ರೀ!"

"ಹೆಸರು ಹೇಳಿದ್ರ ನನ್ನ ಡಿಗ್ರಿ ಹೋಗ್ತದ್ರೀ" ಅಂದರು ಅತ್ತಿಗೆ. "ನಿಮ್ಮ ಚಟ್ನಿ ಏನು, ನಾಳೆ ಮತ್ತ ರುಬ್ಬಬಹುದು."

ಹನ್ನೊಂದನೆಯದು ಏಪ್ರಿಲ್‌ನ ಒಂದು ಶನಿವಾರ. ಹದಿನೈದನೇ ನಂಬರಿನ ಫ್ರೀವೇ. ಹಿಂದಿನ ಸೀಟಿನಲ್ಲಿ ಒಬ್ಬ ಅಂಕಲ್, ಆಂಟಿ. ಪಕ್ಕದಲ್ಲಿ ಅತ್ತಿಗೆ, ಕೈಯಲ್ಲಿ ರೆಕಾರ್ಡರ್, ಮುಖ ಹಿಂದಕ್ಕೆ. ಆಂಟಿ ಬಿಸಿಬೇಳೆ ಭಾತನ್ನು ತರಾಟೆಗೆ ತೆಗೆದುಕೊಂಡಿದ್ದರು, ನಾವೆಲ್ಲ ನಗುತ್ತಿದ್ದೆವು. ಮುಂದಿನ ಪಿಕಪ್ ಟ್ರಕ್ಕಿನ ಮೇಲೆ ಕಟ್ಟಿದ್ದ ಅಲ್ಯೂಮಿನಿಯಂ ಏಣಿ ಬಿಚ್ಚಿಕೊಂಡಿತು.

ಬಿದ್ದಿತು ಅನ್ನಲಾರೆ. ಅದು ಎದ್ದಿತು. ಗಾಳಿಯಲ್ಲಿ ನೆಟ್ಟಗೆ ನಿಂತಂತೆ, ಯಾರೋ ಹತ್ತಲಿ ಅಂತ ಇಟ್ಟಂತೆ ಕಂಡಿತು. ಅದರ ಮೆಟ್ಟಿಲುಗಳ ನಡುವೆ ನೀಲಿ ಆಕಾಶ ಕಂಡದ್ದೂ ನೆನಪಿದೆ. ಆಮೇಲೆ ಗಾಜು ಬಿಳಿಯಾಯಿತು. ಸ್ಟಿಯರಿಂಗ್ ನನ್ನ ಮಾತು ಕೇಳಲಿಲ್ಲ. ಕಾರು ಒಂದೂವರೆ ಸುತ್ತು ತಿರುಗಿ, ನಡುವಿನ ಗೋಡೆಗೆ ಬಡಿದು, ಬಂದ ದಾರಿಯನ್ನೇ ನೋಡುತ್ತ ನಿಂತಿತು. ಎದುರಿಗೆ ಅಷ್ಟೂ ಲೇನ್‌ಗಳ ತುಂಬ ನಮ್ಮ ಕಡೆಗೇ ಬರುವ ಗಾಡಿಗಳು. ಒಂದು ಲಾರಿ ಎಷ್ಟು ಹತ್ತಿರ ಬಂದು ಪಕ್ಕಕ್ಕೆ ತಿರುಗಿತೆಂದರೆ ಡ್ರೈವರನ ಟೋಪಿಯ ಬಣ್ಣ ಹೇಳಬಲ್ಲೆ. ಹಸಿರು.

ಎಲ್ಲರೂ ಬದುಕಿದೆವು. ಅತ್ತಿಗೆಯ ಎಡಗೈ ಮಣಿಕಟ್ಟು ಮುರಿದಿತ್ತು. ಪೊಲೀಸಿನವನು ಓಡಿ ಬಂದು ಗಾಜಿನ ಚೂರು ಸರಿಸಿ, "ಎಲ್ಲರೂ ಹೇಗಿದ್ದೀರಿ?" ಅಂತ ಕೇಳಿದ. ನಾವು ನಾಲ್ವರೂ ಒಟ್ಟಿಗೆ, ಶಾಲೆಯ ಮಕ್ಕಳ ಹಾಗೆ, "ಫೈನ್, ಥ್ಯಾಂಕ್ಯೂ!" ಅಂದೆವು.

ಅತ್ತಿಗೆ ಜೋತಾಡುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿದರು. "ಕೇಳಿದ್ಯಾ? ಇಲ್ಲೂ ಐದಕ್ಕ ಐದು!"

ಊರಿಗೆ ಊರೇ ಮಾತಾಡಿತು. "ಮೊದಲೇ ಹೇಳಿದ್ವಿ" ಅನ್ನುವವರ ಸಾಲು ಅಣ್ಣನ ಮನೆ ಬಾಗಿಲಿಂದ ಬೀದಿಯವರೆಗೆ. ಮೊದಲು ಯಾರು ಏನು ಹೇಳಿದ್ದರು? ಏಣಿ ಬೀಳುತ್ತದೆ ಅಂತಲೇ? ಐವತ್ತು ದಾಟಿದ ಹೆಂಗಸು ಓದಿದ್ದರಿಂದ ಟ್ರಕ್ಕಿನ ಹಗ್ಗ ಬಿಚ್ಚಿತೇ? ನೆಟ್ಟಗೆ ಹಗ್ಗ ಕಟ್ಟದವನನ್ನು ಒಬ್ಬರೂ ಬಯ್ಯಲಿಲ್ಲ, ಬಯ್ದದ್ದೆಲ್ಲ ಅತ್ತಿಗೆಯನ್ನು. ಬಯ್ದುಕೊಳ್ಳಲಿ! ಅತ್ತಿಗೆ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ಬಲಗೈಯ ಒಂದೇ ಬೆರಳಲ್ಲಿ ವರದಿ ಟೈಪ್ ಮಾಡಿದರು. ಇನ್ನು ಓಡುವ ಕಾರು ಬೇಡ ಎಂದು ಸಮಿತಿ ಪತ್ರ ಬರೆಯಿತು. "ಸರಿ, ನಿಂತ ಕಾರಿನ್ಯಾಗ ಮಾಡ್ತೀನಿ" ಅಂತ ಉತ್ತರ ಹೋಯಿತು. ಒಪ್ಪಿದರು. ಆದರೆ ಸಂಖ್ಯೆ ಕಮ್ಮಿ ಮಾಡಲು ಒಪ್ಪಲಿಲ್ಲ. ಹನ್ನೆರಡು ಅಂದರೆ ಹನ್ನೆರಡು. ಒಂದು ಬಾಕಿ. ಆದರೆ ಈಗ ಅವರ ಜೊತೆ ನಿಂತ ಕಾರನ್ನಾದರೂ ಹತ್ತುವವರು ಯಾರು?

ಕೊನೆಗೆ ಅತ್ತಿಗೆ ಒಪ್ಪಿಸಿದ ವರದಿಯಲ್ಲಿ ಹನ್ನೊಂದೇ ಇದ್ದವು. ಪ್ರೊಫೆಸರು, ಇನ್ನಿಬ್ಬರು ಎದುರಿಗೆ ಕೂತು, ಹನ್ನೆರಡನೆಯದು ಎಲ್ಲಿ ಅಂತ ಕೇಳಿದರು. "ಸಿಕ್ಕಿತ್ತು. ಕೊಡೋದಿಲ್ಲ" ಅಂದರಂತೆ ಅತ್ತಿಗೆ. ಹಾಗಾದರೆ ಪಾಸಾಗುವುದು ಕಷ್ಟವಾಗಬಹುದು ಅಂದರು. "ಗೊತ್ತದ, ಅದಕ್ಕ ಆ ಹನ್ನೊಂದನ್ನ ಅಷ್ಟು ಛಲೋ ಬರದೀನಿ, ಓದ್ರಿ" ಅಂದರು. ಅವರು ಅತ್ತಿಗೆಯನ್ನು ಹೊರಗೆ ಕೂರಿಸಿ ಒಂದು ಗಂಟೆ ವಾದ ಮಾಡಿ, ಕಟ್ಟಕಡೆಯ ದರ್ಜೆಯಲ್ಲಿ ಪಾಸು ಮಾಡಿದರು. ಅಣ್ಣ ಈಗ ದಿನಾ ಧೂಳು ಒರೆಸುತ್ತಾನೆ.

ಆ ಹನ್ನೆರಡನೆಯದು ಎಲ್ಲಿ ಹೋಯಿತು ಅಂತ ನನಗೆ ಗೊತ್ತು.

ವರದಿ ಒಪ್ಪಿಸುವ ಹಿಂದಿನ ಭಾನುವಾರ ಅಣ್ಣ ಅತ್ತಿಗೆಯನ್ನು ಟೊರೆನ್ಸ್‌ಗೆ ಕರೆತಂದ. ನಾನು ಆಗ ಫ್ರೀವೇ ಬಿಟ್ಟು ಒಳದಾರಿಗಳಲ್ಲೇ ಆಫೀಸಿಗೆ ಹೋಗುತ್ತಿದ್ದೆ. ಪಕ್ಕದ ಮನೆಯವರು ಏಣಿ ಹಾಕಿ ಬಲ್ಬು ಬದಲಾಯಿಸುತ್ತಿದ್ದರೆ ಕಣ್ಣು ಮುಚ್ಚಿಕೊಂಡು ದಾಟುತ್ತಿದ್ದೆ. ಯಾರು ಫೋನ್ ಮಾಡಿ ಕೇಳಿದರೂ ಚೆನ್ನಾಗಿದ್ದೀನಿ ಅನ್ನುತ್ತಿದ್ದೆ. ಅತ್ತಿಗೆ ಕಾಫಿಯನ್ನೂ ಮುಟ್ಟದೆ, "ಬಾ, ನೀನ ನನ್ನ ಹನ್ನೆರಡನೇದು" ಅಂತ ಎಬ್ಬಿಸಿದರು. ಮನೆ ಮುಂದೆ ನಿಂತ ನನ್ನ ಕಾರಿನಲ್ಲಿ ಕೂತೆವು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ರೆಕಾರ್ಡರಿನ ಕೆಂಪು ದೀಪ ಹತ್ತಿತು.

"ನಿನಗ ಏನೋ ಸರಿ ಇಲ್ಲ ಅನಿಸಿದ್ರೂ ಛಲೋ ಅದ ಅಂತ ಅಂದದ್ದು ಕಡೇ ಸಲ ಯಾವಾಗ?"

ಕಳೆದ ವರ್ಷ ತರಿಸಿದ ಹೋಳಿಗೆಯ ಕಥೆ ಹೇಳಲು ಬಾಯಿ ತೆರೆದೆ. "ಇವತ್ತು ಬೆಳಿಗ್ಗೆ" ಅಂದೆ. "ಅಣ್ಣ ಫೋನ್ ಮಾಡಿದಾಗ." ಆಮೇಲೆ ಎರಡೂ ಕೈ ಸ್ಟಿಯರಿಂಗ್ ಹಿಡಿದು, ನಿಂತ ಕಾರಿನಲ್ಲಿ, ಮಾತು ಬಾರದಷ್ಟು ಅತ್ತೆ.

ಟಕ್ ಅಂತ ಸದ್ದಾಯಿತು. ಕೆಂಪು ದೀಪ ಆರಿತ್ತು.

"ಅತ್ತಿಗೆ, ಆನ್ ಮಾಡಿ. ನಿಮಗೆ ಬೇಕಾಗಿರೋದು ಇದೇ ಅಲ್ವಾ? ಇದೊಂದೇ ಬಾಕಿ."

"ಬ್ಯಾಡ" ಅಂದರು. ನಾನು ಸಹಿ ಹಾಕಿದ್ದ ಹಾಳೆಯನ್ನು ಒಂದೇ ಕೈಯಲ್ಲಿ ಕಷ್ಟಪಟ್ಟು ಮಡಚಿ, ಮತ್ತೆ ಮಡಚಿ, ಪರ್ಸಿಗೆ ತುರುಕಿದರು. "ಈಗ ಹೇಳು. ಮೊದಲಿಂದ. ಏಣಿ ಎಲ್ಲಿತ್ತು?"

ಹೇಳಿದೆ. ಏಣಿ, ಆಕಾಶ, ಬಿಳಿ ಗಾಜು, ಹಸಿರು ಟೋಪಿ. ಮುಗಿಸಿ ಮತ್ತೆ ಹೇಳಿದೆ, ಇನ್ನೊಮ್ಮೆಯೂ ಹೇಳಿದೆ. ಏಣಿ ಬಿದ್ದ ದಿನ ಆ ಕಾರಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದವರು, "ಹೌದಾ? ಆಮ್ಯಾಲೆ?" ಅಂತ, ಏನೂ ಗೊತ್ತಿಲ್ಲದವರ ಹಾಗೆ, ಮೂರು ಸಲವೂ ಕೇಳಿದರು.