ಷರತ್ತು ನಲವತ್ನಾಲ್ಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಅಷ್ಟಕ್ಕೇ ಬಾಯಿ ಮುಚ್ಚಿಕೊಂಡದ್ದು ದೊಡ್ಡ ಮೋಸ. ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎಂದು ಇನ್ನೊಂದು ಮಾತು ಸೇರಿಸಿದ್ದರೆ, ಈ ಹೊತ್ತು ನಾನು ನನ್ನ ಮನೆಯ ಮೆಟ್ಟಿಲ ಮೇಲೆ ಮುದುಡಿ ಕೂತು ಅರ್ಜಿ ಬರೆಯುವ ಗತಿ ಬರುತ್ತಿರಲಿಲ್ಲ. (ಒಳಗೆ ಕೂತು ಬರೆಯಬಾರದೇ ಎನ್ನಬೇಡಿ. ಒಳಗೆ ಬೆಳಕಿಲ್ಲ. ಯಾಕಿಲ್ಲ ಎಂಬುದೇ ನನ್ನ ಗೋಳು.)

ನಾನು ದಸ್ತಾವೇಜು ಬರಹಗಾರ. ನೋಂದಣಿ ಕಚೇರಿಯ ಎದುರು ಒಂದು ಮೇಜು ಹಾಕಿಕೊಂಡು ಮೂವತ್ತೊಂದು ವರ್ಷದಿಂದ ಬಾಡಿಗೆ ಕರಾರು ಬರೆಯುತ್ತಿದ್ದೇನೆ. ಒಬ್ಬನಾದರೂ ಅದನ್ನು ಓದಿದ್ದುಂಟೇ? "ಎಲ್ಲಿ ಸೈನ್ ಹಾಕ್ಲಿ ಸಾರ್?" ಅಷ್ಟೇ. ಬೇರೆಯವರಿಗೆ ಮಾಲೀಕತ್ವ ಬರೆದುಕೊಟ್ಟು ಬೇಸತ್ತು, ನಾನೂ ಒಮ್ಮೆ ಮಾಲೀಕನಾಗಬೇಕೆಂದು ಒಂದು ಹೊಸ ಮನೆ ಕೊಂಡೆ. ಹೆಂಗಸರ ಹೆಸರಿಗಾದರೆ ಸಾಲದ ಬಡ್ಡಿ ಕಮ್ಮಿ ಎಂದು ಹೆಂಡತಿಯ ಹೆಸರಿಗೆ ಬರೆಸಿದೆ. ಹೆಸರು ಅವಳದು, ದರ್ಬಾರು ನನ್ನದು ಎಂಬುದು ನನ್ನ ಲೆಕ್ಕಾಚಾರ.

ಹೊಸ ಮನೆ ಎರಡನೇ ಮಹಡಿಯಲ್ಲಿ. ಅಡುಗೆಮನೆಗೆ ಪೂರ್ವದ ಕಡೆ ದೊಡ್ಡ ಕಿಟಕಿ. ನಾವಿರುವ ಮನೆಯೋ, ಎರಡು ಗೋದಾಮುಗಳ ನಡುವೆ ಸಿಕ್ಕಿಹಾಕಿಕೊಂಡ ಎರಡು ಕೋಣೆ. ನಡುಮಧ್ಯಾಹ್ನವೂ ದೀಪ ಹಾಕದೆ ಉಪ್ಪು ಯಾವುದು, ಸಕ್ಕರೆ ಯಾವುದು ಗೊತ್ತಾಗದು. ಇವಳು ಆ ಕಿಟಕಿಯ ಮುಂದೆ ನಿಂತವಳು ಕಾಲುಗಂಟೆ ಅಲ್ಲಾಡಲಿಲ್ಲ.

"ರೀ, ನಾವೇ ಇಲ್ಲಿಗೆ ಬಂದುಬಿಡೋಣ. ಆ ಮನೇನ ಬಾಡಿಗೆಗೆ ಕೊಡಿ."

"ಆ ಗವಿಗೆ ಯಾರೇ ಬರ್ತಾರೆ?"

"ನಾನು ಬರ್ಲಿಲ್ವಾ? ಇಪ್ಪತ್ತಾರು ವರ್ಷ ಆಯ್ತು."

"ಒಳ್ಳೇದು ಬಾಡಿಗೆಗೆ, ಉಳಿದಿದ್ದು ನಮಗೆ. ಹೂಡಿಕೆಯ ಮೂಲಮಂತ್ರ ಕಣೇ ಇದು! ನಿನಗೆಲ್ಲಿ ಅರ್ಥ ಆಗ್ಬೇಕು?"

ಅವಳು ಕಿಟಕಿ ಮುಚ್ಚಿದಳು. ನಾನು ಗೆದ್ದೆ ಎಂದುಕೊಂಡೆ.

ಆಮೇಲೆ ಕೂತು ಕರಾರು ಬರೆದೆ. ನಲವತ್ಮೂರು ಷರತ್ತು! "ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ, ಹೊಡೆಯಲೇಬೇಕಾದಲ್ಲಿ ಮಾಲೀಕರ ಸಮ್ಮುಖದಲ್ಲಿ, ಮಾಲೀಕರ ಸುತ್ತಿಗೆಯಿಂದಲೇ ಹೊಡೆಯತಕ್ಕದ್ದು." "ನೆಂಟರು ಎರಡು ದಿನ ಮೀರಿ ತಂಗತಕ್ಕದ್ದಲ್ಲ." ನನ್ನ ಔದಾರ್ಯಕ್ಕೂ ಒಂದು ಸಾಕ್ಷಿ ಇರಲಿ ಎಂದು ಇಪ್ಪತ್ತೆಂಟನೆಯದನ್ನು ಸೇರಿಸಿದೆ: "ಫ್ಯಾನು, ದೀಪ, ಗೀಸರ್ ಇತ್ಯಾದಿ ಕೆಟ್ಟಲ್ಲಿ ಮಾಲೀಕರು ಒಂದೇ ದಿನದೊಳಗೆ ಬದಲಾಯಿಸಿಕೊಡತಕ್ಕದ್ದು." ಯಾರು ಓದುತ್ತಾರೆ ಎಂಬ ಧೈರ್ಯ.

ಬಾಡಿಗೆಗೆ ಬಂದವರು ಒಬ್ಬ ನಿವೃತ್ತ ಹೆಡ್ ನರ್ಸಮ್ಮ. ಒಂಟಿ ಹೆಂಗಸು. ಕನ್ನಡಕ ಏರಿಸಿ, ಔಷಧಿ ಚೀಟಿ ಓದುವವರಂತೆ, ನಲವತ್ಮೂರನ್ನೂ ಓದಿದರು. ನನ್ನ ಕಣ್ಣು ತುಂಬಿ ಬಂತು. ಮೂವತ್ತೊಂದು ವರ್ಷಕ್ಕೆ ಒಬ್ಬರು ಓದುಗರು!

"ಚೆನ್ನಾಗಿ ಬರೆದಿದ್ದೀರಿ ಸಾರ್. ಒಂದೇ ಒಂದು ಸೇರಿಸ್ತೀರಾ?" ಎಂದರು.

ಹೊಗಳಿಕೆಗೆ ಉಬ್ಬಿ, ಅವರು ಹೇಳಿದ್ದನ್ನು ಇನ್ನಷ್ಟು ಗಟ್ಟಿಮಾಡಿ ಬರೆದುಕೊಟ್ಟೆ. ಷರತ್ತು ನಲವತ್ನಾಲ್ಕು: "ಮಾಲೀಕರ ಕಡೆಯವರು ಯಾರೇ ಆಗಲಿ, ಒಂದು ದಿನ ಮುಂಚಿತವಾಗಿ ಲಿಖಿತ ಅರ್ಜಿ ಕೊಡದೆ ಮನೆಯೊಳಗೆ ಕಾಲಿಡತಕ್ಕದ್ದಲ್ಲ."

ಮೂರನೇ ವಾರಕ್ಕೇ ಫೋನು. "ಷರತ್ತು ಇಪ್ಪತ್ತೆಂಟು ಸಾರ್. ಫ್ಯಾನ್ ತಿರುಗ್ತಿಲ್ಲ."

ಕರೆಂಟು ಸಾಮಾನಿನ ಅಂಗಡಿಗೆ ಅವತ್ತು ರಜೆ. ಗಡುವು ಒಂದೇ ದಿನ. ನನ್ನ ಕರಾರನ್ನು ನಾನೇ ಮುರಿದರೆ ನನ್ನ ಮೇಜಿಗೆ ಯಾವ ಮರ್ಯಾದೆ? ನಮ್ಮ ಕೋಣೆಯ ಫ್ಯಾನು ಬಿಚ್ಚಿ ಒಯ್ದೆ. ಆಮೇಲೆ ಗೀಸರ್ ಹೋಯಿತು, ನಮ್ಮದು ಒಯ್ದೆ. ಕೋಣೆಯ ಬಲ್ಬು ಹೋಯಿತು, ಅದನ್ನೂ ಒಯ್ದೆ. ಪ್ರತಿಸಲ "ತಾತ್ಕಾಲಿಕ ಕಣೇ" ಎನ್ನುತ್ತಿದ್ದೆ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಎನ್ನುತ್ತಿದ್ದಳು ಇವಳು, ತಣ್ಣೀರು ಹೊಯ್ದುಕೊಂಡು ನಡುಗುತ್ತ.

ಈ ನಡುವೆ, ಮೊಳೆ ಹೊಡೆದಿದ್ದಾರೋ ನೋಡಿಕೊಂಡು ಬಾ ಎಂದು ಭಾನುವಾರಗಳಂದು ಇವಳನ್ನು ತಪಾಸಣೆಗೆ ಅಟ್ಟುತ್ತಿದ್ದೆ. ಅರ್ಜಿಯನ್ನೂ ನಾನೇ ಬರೆದುಕೊಡುತ್ತಿದ್ದೆ. ಅರ್ಧ ಗಂಟೆಯ ತಪಾಸಣೆ ಬರಬರುತ್ತ ಇಡೀ ದಿನವಾಯಿತು. "ಗೋಡೆ ಹೇಗಿದೆ?" ಎಂದರೆ, "ಕಿಟಕಿ ಚೆನ್ನಾಗಿದೆ," ಎನ್ನುತ್ತಿದ್ದಳು. ನನಗೆ ಆಗಲೇ ಅರ್ಥವಾಗಬೇಕಿತ್ತು, ಆಗಲಿಲ್ಲ.

ಕೊನೆಗೆ ಅವರ ಅಡುಗೆಮನೆಯ ಟ್ಯೂಬ್‌ಲೈಟ್ ಕೆಟ್ಟಿತು. ನಾನು ಸ್ಟೂಲು ಹತ್ತಿ ನಮ್ಮದನ್ನು ಬಿಚ್ಚುವಾಗ ಇವಳು ತರಕಾರಿ ಹೆಚ್ಚುತ್ತಿದ್ದಳು. ಕತ್ತಲಾಯಿತು. ಚಾಕು ಕೆಳಗಿಟ್ಟ ಸದ್ದು ಕೇಳಿಸಿತು.

"ಎಲ್ಲಾ ಸಾಗಿಸಿ ಆಯ್ತಲ್ಲ. ಇನ್ನು ಉಳಿದಿರೋದು ನಾನೊಬ್ಬಳೇ. ನಾನೇ ಹೋಗ್ತೀನಿ, ನಿಮಗ್ಯಾಕೆ ಶ್ರಮ?"

ಹೋದಳು. ಟ್ಯೂಬ್‌ಲೈಟನ್ನೂ ಅವಳೇ ತೆಗೆದುಕೊಂಡು ಹೋದಳು.

ಎರಡು ದಿನ ಬಿಗುಮಾನದಲ್ಲಿದ್ದೆ. ಮೂರನೇ ದಿನ ಹೋಗಿ ಬಾಗಿಲು ಬಡಿದೆ. ನರ್ಸಮ್ಮ ಚಿಲಕದ ಸರಪಳಿಯ ಸಂದಿಯಿಂದ ಮುಖ ತೋರಿಸಿದರು.

"ಅರ್ಜಿ ಎಲ್ಲಿ ಸಾರ್? ನಲವತ್ನಾಲ್ಕು."

"ನಾನು ಮಾಲೀಕ ಕಣಮ್ಮಾ!"

"ಮಾಲೀಕರು ಒಳಗಿದ್ದಾರೆ. ನೀವು ಅವರ ಕಡೆಯವರು."

"ನೆಂಟರು ಎರಡು ದಿನ ಮೀರಿ..."

"ಮನೆಯವರನ್ನ ನೆಂಟರು ಅಂತಾರಾ ಸಾರ್?"

ಮಾಡಿದ್ದುಣ್ಣೋ ಮಹರಾಯ ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತು ಅರ್ಜಿ ಬರೆದು ಬಾಗಿಲ ಸಂದಿಯಲ್ಲಿ ತೂರಿಸಿದೆ. ಮರುದಿನ ಸಂಜೆ ನಾಲ್ಕಕ್ಕೆ ಒಳಗೆ ಬಿಟ್ಟರು. ಇವಳು ಕಿಟಕಿಯ ಹತ್ತಿರ ಕೂತಿದ್ದಳು. ಕೂದಲು ಇಷ್ಟು ನರೆತಿದೆ ಎಂದು ನಾನು ನೋಡಿರಲಿಲ್ಲ. ನಮ್ಮ ಮನೆಯಲ್ಲಿ ನೋಡುವಷ್ಟು ಬೆಳಕೇ ಇರಲಿಲ್ಲ. ನನಗೆ ನಾಚಿಕೆಯಾಯಿತು, ದುಃಖವೂ ಆಯಿತು.

"ಮನೆಗೆ ಯಾವಾಗ ಬರ್ತೀಯೇ?" ಎಂದೆ.

"ಮನೆಗೇ ಬಂದಿದ್ದೀನಲ್ಲ," ಎಂದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ನಾನೇ ಇಲ್ಲಿಗೆ ಬಂದುಬಿಡ್ಲಾ?"

ಅವಳು ನರ್ಸಮ್ಮನ ಮುಖ ನೋಡಿದಳು. ನರ್ಸಮ್ಮ ಒಳಗಿನಿಂದ ಒಂದು ಕಾಗದ ತಂದರು. ಛಾಪಾ ಕಾಗದ, ಇವಳ ದುಂಡನೆಯ ಅಕ್ಷರ.

"ಕರಾರು ಬರೆದಿದ್ದೀನಿ. ನಿಧಾನವಾಗಿ ಓದಿ ನೋಡಿ," ಎಂದಳು.

ಕರಾರು ಎಂದಮೇಲೆ ನನ್ನನ್ನೂ ಸೇರಿಸಿಕೊಳ್ಳುತ್ತಾರೆ ಎಂದೇ ಅರ್ಥ! ಪೆನ್ನು ತೆಗೆದು, "ಎಲ್ಲಿ ಸೈನ್ ಹಾಕ್ಲಿ?" ಎಂದೆ.

ಇವಳು ಬೆರಳಿಟ್ಟು ತೋರಿಸಿದಳು. ಹಾಕಿದೆ.

ನನ್ನ ಪ್ರತಿಯನ್ನು ಈಗ ಹಳೆಯ ಮನೆಯ ಈ ಮೆಟ್ಟಿಲ ಮೇಲೆ ಕೂತು ಓದಿದ್ದೇನೆ. ಗಂಡನಾದವನು ಹನ್ನೊಂದು ತಿಂಗಳ ಕಾಲ ಹಳೆಯ ಮನೆಯಲ್ಲೇ ವಾಸಿಸತಕ್ಕದ್ದು. ಭೇಟಿ ಸಂಜೆ ನಾಲ್ಕರಿಂದ ಆರು, ಒಂದು ದಿನ ಮುಂಚಿತವಾಗಿ ಅರ್ಜಿ, ಅರ್ಜಿಯಲ್ಲಿ ಕಾರಣ ಕಡ್ಡಾಯ. ನವೀಕರಣ ಮಾಲೀಕರ ಇಚ್ಛೆಗೆ ಬಿಟ್ಟದ್ದು. ಹುಳುಕು ಹುಡುಕಿ ಮೂರು ಸಲ ಓದಿದೆ. ಒಂದೂ ಸಿಗಲಿಲ್ಲ; ಇಪ್ಪತ್ತಾರು ವರ್ಷ ನನ್ನ ಕರಡುಗಳನ್ನು ಓದುತ್ತಿದ್ದವಳು ಅವಳೊಬ್ಬಳೇ ಇರಬೇಕು.

ನಾಳೆಯ ಅರ್ಜಿ ಬರೆಯಬೇಕು. ಕಾರಣ ಎಂಬಲ್ಲಿ ಮೊದಲು "ನಲ್ಲಿ ದುರಸ್ತಿ" ಎಂದು ಬರೆದೆ, ಹೊಡೆದುಹಾಕಿದೆ. "ಗೋಡೆ ತಪಾಸಣೆ" ಎಂದು ಬರೆದೆ, ಅದನ್ನೂ ಹೊಡೆದುಹಾಕಿದೆ. ಹೊರಗಿನ ಬೆಳಕೂ ಕಮ್ಮಿಯಾಗುತ್ತಿದೆ. "ಹೆಂಡತಿಯನ್ನು ನೋಡುವುದಕ್ಕೆ" ಎಂದು ಬರೆದು ಸೈನ್ ಹಾಕಿದ್ದೇನೆ. ಮಂಜೂರಾಗುತ್ತದೋ ಇಲ್ಲವೋ ಗೊತ್ತಿಲ್ಲ.